ಮೊದಲು ತಾಗಿದ ಬಟ್ಟೆ

ಆ ಊರಿಗೆ ಒಂದು ಹೆಸರಿತ್ತಂತೆ. ನನಗೆ ಹೇಳಿದವರು ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಊರು ಅಂದಮೇಲೆ ಮನೆಗಳಿದ್ದವು, ಬಾವಿ ಇತ್ತು, ಅಗಸೆಬಾಗಿಲಿತ್ತು, ಆಚೆಗೊಂದು ಗಡಿಕಲ್ಲೂ ಇತ್ತು. ಇಲ್ಲದ್ದು ಒಂದೇ. ಯಾರ ಮನೆಯಲ್ಲೂ ಕೌದಿ ಇರಲಿಲ್ಲ. ನಮ್ಮ ನಿಮ್ಮ ಮನೆಗಳಲ್ಲಿ ಹಳೇ ಸೀರೆ, ಹಳೇ ಧೋತರ ಕೂಡಿಹಾಕಿ, ಒಂದರ ಮೇಲೊಂದು ಹಾಸಿ, ಸಾಲುಸಾಲಾಗಿ ಹೊಲಿದು ಹೊದೆಯಲಿಕ್ಕೆ ಮಾಡಿಕೊಳ್ಳುತ್ತೇವಲ್ಲ, ಆ ಕೌದಿ. ಆ ಊರಿಗೆಲ್ಲ ಸೇರಿ ಇದ್ದದ್ದು ಒಂದೇ ಒಂದು. ಅದನ್ನು ಇಡೀ ಊರೇ ಹೊಲಿಯುತ್ತಿತ್ತು, ಯಾರೂ ಹೊದೆಯುತ್ತಿರಲಿಲ್ಲ. ಚಳಿಗಾಲದಲ್ಲಿ ಜನ ಮಂಡಿಯನ್ನು ಗದ್ದಕ್ಕೆ ಒತ್ತಿಕೊಂಡು ಗಡಗಡ ನಡುಗುತ್ತ ಮಲಗುತ್ತಿದ್ದರು. ಹೊದೆಯದ ಕೌದಿ ಯಾಕೆ ಬೇಕಿತ್ತಪ್ಪ ಅಂತ ನಾನೂ ಕೇಳಿದೆ. ಹೇಳುತ್ತಿದ್ದವರು ನನ್ನ ಮುಖ ನೋಡಿ, ಕಥೆ ಕೇಳುತ್ತೀಯೋ ಏಳುತ್ತೀಯೋ ಅಂದರು.

ಕೌದಿಗಾಗಿಯೇ ಒಂದು ಮನೆ ಕಟ್ಟಿದ್ದರು. ಉದ್ದನೆಯ ಮನೆ, ಒಂದೇ ಬಾಗಿಲು, ನೆಲದ ತುಂಬ ಕೌದಿ. ಗೋಡೆಯಿಂದ ಗೋಡೆಗೆ ಹಾಸಿಕೊಂಡು ಬಿದ್ದಿತ್ತು. ಎಷ್ಟು ತಲೆಮಾರಿನ ಬಟ್ಟೆ ಅದರಲ್ಲಿತ್ತೋ ಬಲ್ಲವರಿಲ್ಲ. ಸತ್ತವರ ಸೀರೆ, ಮದುವೆಯಾದವರ ಪಂಚೆ, ಬೆಳೆದುಬಿಟ್ಟವರ ಅಂಗಿ, ಎಲ್ಲ ಅದಕ್ಕೇ. ಮೈಮೇಲೆ ಉಟ್ಟದ್ದನ್ನು ಬಿಟ್ಟರೆ, ಆ ಹೊಸ್ತಿಲು ದಾಟಿ ಒಳಗೆ ಬಂದ ಬಟ್ಟೆ ಮತ್ತೆ ಹೊರಗೆ ಹೋಗುವಂತಿರಲಿಲ್ಲ.

ಬೆಳಗಾದರೆ ಮನೆಗೊಬ್ಬಳಂತೆ ಹೆಂಗಸರು ಬರುತ್ತಿದ್ದರು. ಹೊಸ್ತಿಲಲ್ಲಿ ಕಾಲು ತೊಳೆಯುತ್ತಿದ್ದರು. ಸೂಜಿಯನ್ನು ಹಣೆಗೆ ಮುಟ್ಟಿಸಿಕೊಂಡು ಕೌದಿಯ ಮೇಲೆಯೇ ಕೂಡುತ್ತಿದ್ದರು. ಕೌದಿ ಹೊಲಿಯುವುದು ಹಾಗೇ, ಅದರ ಮೇಲೆ ಕೂತು, ಅಂಚಿನಿಂದ ಸುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಚುಚ್ಚಬೇಕು, ಎಳೆಯಬೇಕು, ಅಂಗೈಯಿಂದ ತೀಡಬೇಕು. ಬೆರಳ ಸಂದಿಗೊಂದು ಸಾಲು. ಚುಚ್ಚಬೇಕು, ಎಳೆಯಬೇಕು, ತೀಡಬೇಕು. ಸಂಜೆಗೆ ಎದ್ದು ಮನೆಗೆ ಹೋಗಬೇಕು. ಹೊಲಿದದ್ದನ್ನು ಮಾತ್ರ ಬಿಚ್ಚಬಾರದು. ಓರೆಯಾದರೆ ಓರೆ, ಸುಕ್ಕಾದರೆ ಸುಕ್ಕು. ಒಮ್ಮೆ ಒಳಗೆ ಹೋದ ದಾರ ಹೊರಗೆ ಬರಬಾರದು.

ನಡುವಿನ ಸಾಲುಗಳಲ್ಲಿ ಹನ್ನೆರಡು ಮಂದಿ ಹೆಂಗಸರಿದ್ದರು. ಒಳಸಾಲಿನವರು ಅಂತ ಅವರಿಗೆ ಹೆಸರು. ಅವರು ಸಂಜೆಗೂ ಏಳುತ್ತಿರಲಿಲ್ಲ, ಮನೆಗೂ ಹೋಗುತ್ತಿರಲಿಲ್ಲ. ಉಂಡರೆ ಅಲ್ಲೇ, ಮಲಗಿದರೆ ಅಲ್ಲೇ. ಎಂಥ ನಿಷ್ಠೆ ಅಂತ ಊರಿಗೆ ಊರೇ ಅವರ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿತ್ತು. ಅವರಿಗೆಲ್ಲ ಹಿರಿಯಳು ದೊಡ್ಡಾಯಿ. ಕೈಯಲ್ಲೊಂದು ಬಿದಿರ ಕೋಲು. ಅದರಿಂದ ಸಾಲು ಅಳೆಯುತ್ತಿದ್ದಳು, ಮಾತು ಹೆಚ್ಚಾದರೆ ನೆಲಕ್ಕೆ ಕುಟ್ಟುತ್ತಿದ್ದಳು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ಊರಿನಲ್ಲಿ ಹೆಣ್ಣುಕೂಸು ಹುಟ್ಟಿದರೆ ಅದರ ಮೈಗೆ ಮೊದಲು ತಾಗುವ ಬಟ್ಟೆ ಆ ಕೌದಿಯದೇ ಆಗಬೇಕಿತ್ತು. ಸೂಲಗಿತ್ತಿ ಅಂಗೈಗಳಿಗೆ ಎಣ್ಣೆ ಸವರಿಕೊಂಡು, ಕೂಸನ್ನು ಬರಿಮೈಯಲ್ಲೇ ಎತ್ತಿಕೊಂಡು ಬರುತ್ತಿದ್ದಳು. ಅಂಚನ್ನೆತ್ತಿ ಕೂಸಿನ ಮೇಲೆ ಹೊದಿಸುತ್ತಿದ್ದರು. ಹೊದಿಸಿದರೆ ಆಯಿತು, ಆ ಹುಡುಗಿಗೆ ಕೌದಿಯಲ್ಲಿ ಒಂದು ಜಾಗ ಬಿತ್ತು ಅಂತ ಲೆಕ್ಕ. ಬೇಕಾದರೆ ಮೂರು ಗುಡ್ಡದಾಚೆ ಕೊಟ್ಟಿರಲಿ, ಅವಳ ಮನೆಯ ಜಾಗ ಖಾಲಿಯಾದ ದಿನ ಬಂದು ಕೂಡಬೇಕು. ಬರದೆ ಉಳಿದವಳು ಒಬ್ಬಳೂ ಇಲ್ಲ. ಯಾರೂ ಹೋಗಿ ಕರೆಯುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಈ ಊರ ದಾರಿ ಹಿಡಿಯುತ್ತಿದ್ದಳು, ಕಾಲು ತಾವೇ ತಿರುಗುತ್ತಿದ್ದವಂತೆ.

ಈಗ ಮೂಲೆಯವಳ ಮಾತಿಗೆ ಬರೋಣ. ಬಾಗಿಲ ಹತ್ತಿರದ ಮೂಲೆಯಲ್ಲಿ ಅವಳ ಜಾಗ. ಅತ್ತೆ ಸತ್ತ ದಿನ ಬಂದು ಕೂತವಳು, ಇಪ್ಪತ್ತೆರಡು ವರ್ಷವಾಗಿತ್ತು. ಗಂಡನಿಲ್ಲ. ಇದ್ದವಳು ಒಬ್ಬಳೇ ಮಗಳು, ಅವಳನ್ನೂ ಗಡಿಯಾಚೆ ಕುರಿ ಕಾಯುವವರ ಮನೆಗೆ ಕೊಟ್ಟಾಗಿತ್ತು. ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತವರು ಎಂದರೆ ಕೌದಿಮನೆಯ ಎದುರಿಗೇ, ಎಣಿಸಿ ಇಪ್ಪತ್ತು ಹೆಜ್ಜೆ.

ಆ ದಿನ ಬೆಳಿಗ್ಗೆ ಮಗಳಿಗೆ ನೋವು ಸುರುವಾಗಿತ್ತು. ಸೂಲಗಿತ್ತಿ ಬಂದವಳು, "ಇನ್ನೂ ಹೊತ್ತೈತಿ ಬೇ, ನೀ ಹೋಗಿ ನಾಕು ಸಾಲು ಹಾಕಿ ಬಾ, ಇಲ್ಲಾಂದ್ರ ದೊಡ್ಡಾಯಿ ಕೋಲು ಕುಟ್ಟಾಕ ಹತ್ತತಾಳ," ಅಂದಳು. ಮೂಲೆಯವಳು ಮಗಳ ಹಣೆ ಸವರಿ, "ಈಗ ಬಂದೆ ಮಗಳ," ಅಂತ ಹೇಳಿ ಬಂದಿದ್ದಳು. ಬಂದು ಕೂತದ್ದು ಹೌದು, ಕೈ ಹೊಲಿಯುತ್ತಿದ್ದದ್ದು ಹೌದು, ಮನಸ್ಸು ಮಾತ್ರ ಎದುರು ಮನೆಯಲ್ಲಿತ್ತು. ಅಲ್ಲಿಂದ ಒಂದು ನರಳಿಕೆ ಕೇಳಿದರೆ ಇಲ್ಲಿ ಸೂಜಿ ಎರಡು ಪಟ್ಟು ಓಡುತ್ತಿತ್ತು. ಚುಚ್ಚಿದಳು, ಎಳೆದಳು, ತೀಡಿದಳು. ಚುಚ್ಚಿದಳು, ಎಳೆದಳು, ತೀಡಿದಳು. ನಾಲ್ಕು ಅಂದದ್ದು ಏಳು ಸಾಲಾಯಿತು. ಅಷ್ಟರಲ್ಲಿ ಎದುರು ಮನೆಯಿಂದ ಮಗಳ ದನಿ ಬಂತು, "ಅವ್ವಾ!"

ಮೂಲೆಯವಳು ದಡಬಡಿಸಿ ಎದ್ದಳು. ಎದ್ದವಳನ್ನು ಯಾರೋ ಹಿಂದಿನಿಂದ ಹಿಡಿದೆಳೆದಂತಾಗಿ ದೊಪ್ಪನೆ ಕೂತಳು. ತಿರುಗಿ ನೋಡಿದರೆ ಯಾರೂ ಇಲ್ಲ. ಸೆರಗಿನ ತುದಿ ಕೌದಿಯ ಮೇಲೆ ಬಿದ್ದಿತ್ತು, ಅದರ ಮೇಲೆಯೇ ಏಳು ಸಾಲು ಹೊಲಿಗೆ ಹೋಗಿತ್ತು. ತನ್ನ ಸೀರೆಯನ್ನು ತಾನೇ ಕೌದಿಗೆ ಸೇರಿಸಿ ಹೊಲಿದುಕೊಂಡಿದ್ದಳು.

ನೋಡಿದವರಿಗೆ ನಗು. ಕೌದಿ ಹೊಲಿಯುವವರಿಗೆ ಇದೇನು ಹೊಸದಲ್ಲ, ಯಾವಾಗಲಾದರೂ ಒಂದು ತುದಿ ಸಿಕ್ಕಿಬಿಡುತ್ತದೆ. ಬೇರೆ ಊರಲ್ಲಾದರೆ ನಾಲ್ಕು ಹೊಲಿಗೆ ಕಿತ್ತು, ಛೀ ಅಂತ ತಲೆ ಚಚ್ಚಿಕೊಂಡು ಏಳುತ್ತಾರೆ. ಪಕ್ಕದ ಸಾಲಿನಾಕೆ ಬಾಯಿಗೆ ಕೈ ಅಡ್ಡ ಹಿಡಿದು, "ಏನ ಯಕ್ಕಾ, ಸೀರಿ ಸಾಕಾಗೇತೇನ ನಿನಗ? ಉಟ್ಟದ್ದನೂ ಕೊಟ್ಟಿಯಲ್ಲ!" ಅಂದಳು.

"ನಗಬ್ಯಾಡ್ರೆ. ಆ ಕಡೆ ಮಗಳು ಕರಿಯಾಕತ್ತಾಳ," ಅನ್ನುತ್ತ ಮೂಲೆಯವಳು ದಾರದ ಕೆಳಗೆ ಉಗುರು ತೂರಿಸಿದಳು.

ದೊಡ್ಡಾಯಿಯ ಕೋಲು ನೆಲಕ್ಕೆ ಬಿತ್ತು. ನಗು ನಿಂತುಹೋಯಿತು.

"ಬಿಚ್ಚಬಾರದು."

"ಆಯಿ, ಗೊತ್ತಾಗಲಾರದ ಆಗೇತಿ. ಮಗಳು ಹಡಿಯಾಕತ್ತಾಳ."

"ಹಡೀಲಿ. ನಾ ಬ್ಯಾಡ ಅಂದ್ನೇನು? ಬಾಗಲಾ ತಗದೈತಿ, ನಿನ್ನ ಯಾರ ಹಿಡದಾರ? ಹೊಲದದ್ದು ಬಿಚ್ಚಬಾರದು, ಅಷ್ಟ."

"ಹಂಗಾರ ಇನ್ನೊಂದು ಸೀರಿ ತರಸ್ರಿ. ಇದನ್ನ ಇಲ್ಲೇ ಬಿಟ್ಟು ಅದನ್ನ ಉಟ್ಕೊಂಡು ಹೋಗತೀನಿ."

"ಹೊಸ್ತಲಾ ದಾಟಿ ಬಂದ ಅರಿವಿ ಕೌದಿದು. ಉಡಾಕ ಬರೂದಿಲ್ಲ."

ಮೂಲೆಯವಳು ಸುತ್ತಲೂ ನೋಡಿದಳು. ಅಷ್ಟು ಜನ ಹೆಂಗಸರು, ಅಷ್ಟು ಸೀರೆ, ಎಲ್ಲ ಅವರವರ ಮೈಮೇಲೆ. ಉಟ್ಟದ್ದನ್ನು ಬಿಚ್ಚಿಕೊಟ್ಟರೆ ಕೊಟ್ಟವಳು ಬೆತ್ತಲೆ. ಈವರೆಗೆ ಆ ಮನೆ ಅವಳಿಗೆ ಮನೆಯಾಗಿ ಕಂಡಿತ್ತು. ಈಗ ಬಾಗಿಲೊಂದು ತೆರೆದುಕೊಂಡ ಬೋನಿನ ಹಾಗೆ ಕಂಡಿತು, ಹೆದರಿಕೆಯಾಯಿತು.

ಆಗ ಒಳಸಾಲಿನಿಂದ ಒಬ್ಬಳು ನಕ್ಕಳು. ಒಳಸಾಲಿನವರು ನಕ್ಕದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವಳು ತನ್ನ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ತೋರಿಸಿದಳು. ಗೇಣುದ್ದ ಎದ್ದಿತು, ಮುಂದೆ ಏಳಲಿಲ್ಲ.

"ನಂದು ಹನ್ನೊಂದು ವರ್ಷಾತು ತಂಗಿ," ಅಂದಳು. "ತಮ್ಮನ ಲಗ್ನದ ಹಿಂದಿನ ದಿನ ಸಿಕ್ಕೊಂಡೆ. ಹೇಳಾಕ ನಾಚಿಕಿ ಬಂತು, ಸುಮ್ಮನ ಕುಂತೆ. ಸಂಜೀಕ ಯಾಕ ಏಳಲಿಲ್ಲ ಅಂತ ಕೇಳಿದ್ರು. ಕೌದಿ ಬಿಟ್ಟು ಏಳಾಕ ಮನಸಾಗವಲ್ಲದು ಅಂದೆ. ಮರುದಿನ ಮುಂಜಾನೆ ಬಂದು ಕಾಲು ಮುಟ್ಟಿದ್ರು."

ಪಕ್ಕದವಳು ತನ್ನದನ್ನು ಎತ್ತಿದಳು. ಅದರಾಚೆಯವಳು ನಿರಿಗೆಯ ತುದಿ ಎಳೆದು ತೋರಿಸಿದಳು. ಹನ್ನೆರಡು ಮಂದಿಯೂ ಒಬ್ಬರಾದ ಮೇಲೊಬ್ಬರು ಎತ್ತಿದರು, ಹನ್ನೆರಡೂ ಸಿಕ್ಕಿಕೊಂಡಿದ್ದವು. ಊರು ನಿಷ್ಠೆ ಅಂತ ಕಣ್ಣಿಗೊತ್ತಿಕೊಂಡದ್ದು ಇದನ್ನು. ಮೂಲೆಯವಳಿಗೆ ಸಿಟ್ಟು ಬಂತು, ಅಳು ಬಂತು. ಎಷ್ಟು ಹಬ್ಬಗಳಲ್ಲಿ ಈ ಕಾಲುಗಳ ಮೇಲೆ ಹಣೆಯಿಟ್ಟು, ನನಗೂ ನಿಮ್ಮಂಥ ಮನಸ್ಸು ಬರಲಿ ತಾಯಿ ಅಂತ ಬೇಡಿಕೊಂಡಿದ್ದಳು!

"ನಿಮ್ಮದು, ಆಯಿ?" ಅಂತ ಕೇಳಿದಳು.

ದೊಡ್ಡಾಯಿ ಸೆರಗು ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ, ಅವಳ ಸೀರೆ ಯಾವುದು ಕೌದಿ ಯಾವುದು ಅಂತ ತಿಳಿಯದಷ್ಟು ಸೇರಿಹೋಗಿತ್ತು. "ನಮ್ಮವ್ವ ಸತ್ತಾಗ ನಾ ಇಲ್ಲೇ ಕುಂತಿದ್ದೆ," ಅಂದಳು. "ಹೊರಗ ಹೊತ್ತೊಂಡು ಹೋಗೂದು ಕೇಳಸ್ತು. ಅಷ್ಟ. ಹೊಲಿಗಿ ನಡು ಮುಟ್ಟಿದ ದಿನ ದಾರಕ್ಕ ಗಂಟು ಹಾಕತೀವಿ. ಅವತ್ತ ಎಲ್ಲಾರೂ ಏಳಬಹುದು. ನೀನೂ ಏಳಬಹುದು. ಕುಂದರು."

ನಡು ಅಲ್ಲೇ ಕಾಣುತ್ತಿತ್ತು. ಹಾಸಿಗೆಯಷ್ಟು ಜಾಗ, ಹೊಲಿಗೆ ಬೀಳದ್ದು. ಆದರೆ ಊರಿನಲ್ಲಿ ಸಾಯುವವರಿದ್ದರು, ಮದುವೆಯಾಗುವವರಿದ್ದರು. ಹೊಸದಾಗಿ ಬಂದ ಬಟ್ಟೆಯನ್ನು ಹಾಸುತ್ತಿದ್ದದ್ದು ನಡುವಿಗೇ. ಹನ್ನೊಂದು ವರ್ಷದ ಹಿಂದೆಯೂ ಅದು ಹಾಸಿಗೆಯಷ್ಟೇ ಇತ್ತು ಅಂತ ನಕ್ಕವಳು ಹೇಳಿದಳು.

"ಅವ್ವಾ!" ಅಂತ ಮತ್ತೆ ಕೂಗು.

ಹೆತ್ತವಳ ಬುದ್ಧಿ ಇಕ್ಕಟ್ಟಿನಲ್ಲೇ ಓಡುವುದು. ಸಿಕ್ಕಿಕೊಂಡದ್ದು ಸೆರಗಿನ ತುದಿ. ಸೀರೆ ಹದಿನಾರು ಮೊಳ. ಮೂಲೆಯವಳು ಎದ್ದು ನಿಂತು ಹೆಗಲ ಮೇಲಿನ ಸೆರಗು ಇಳಿಸಿದಳು. ಒಂದು ಸುತ್ತು ಬಿಚ್ಚಿಕೊಂಡು ಬಾಗಿಲ ಕಡೆ ಹೆಜ್ಜೆ ಇಟ್ಟಳು. ಸೀರೆ ಹಿಂದೆ ಹಾಸಿಕೊಳ್ಳುತ್ತ ಬಂತು. ಇನ್ನೊಂದು ಸುತ್ತು ಬಿಚ್ಚಿದಳು, ಇನ್ನೆರಡು ಹೆಜ್ಜೆ. ನಿರಿಗೆ ಒಂದೊಂದಾಗಿ ಬಿಟ್ಟಳು, ಒಂದೊಂದಾಗಿ ಹೆಜ್ಜೆ ಇಟ್ಟಳು. ಹೆಂಗಸರು ಸೂಜಿ ಹಿಡಿದುಕೊಂಡೇ ನೋಡುತ್ತಿದ್ದರು. ಹೊಸ್ತಿಲ ಹತ್ತಿರ ಬರುವಷ್ಟರಲ್ಲಿ ಮೈಮೇಲೆ ಉಳಿದದ್ದು ಒಂದು ಕುಪ್ಪಸ, ಸೊಂಟದ ಸುತ್ತ ಒಂದೇ ಒಂದು ಸುತ್ತು ಸೀರೆ. ಮಿಕ್ಕದ್ದೆಲ್ಲ ಅವಳ ಬೆನ್ನಿನಿಂದ ಮೂಲೆಯವರೆಗೆ ಬಿಗಿಯಾಗಿ ಎಳೆದುಕೊಂಡು ನಿಂತಿತ್ತು. ಮುಂದೆ ಹೆಜ್ಜೆ ಇಡಲು ಬರಲಿಲ್ಲ. ಹೊಸ್ತಿಲಾಚೆ ಬಿಸಿಲು, ಬಿಸಿಲಾಚೆ ಅವಳ ಮನೆ.

ಸೂಲಗಿತ್ತಿ ಎದುರು ಮನೆಯ ಬಾಗಿಲಲ್ಲಿ ಕಾಣಿಸಿಕೊಂಡಳು. "ಎಲ್ಲಿ ಸತ್ತಿ ಬೇ? ಮಗಳು ನಿನ್ನ ಕೈ ಬೇಕು ಅಂತಾಳ. ಅವ್ವ ಬರೂತನಕ ತಿಣುಕೂದಿಲ್ಲ ಅಂತ ಹಲ್ಲು ಕಚಗೊಂಡು ಕುಂತಾಳ. ಹಿಂಗಾದ್ರ ತಾಯಿನೂ ಉಳಿಯೂದಿಲ್ಲ, ಕೂಸೂ ಉಳಿಯೂದಿಲ್ಲ, ಬಾ!"

ಮೂಲೆಯವಳು ಸೊಂಟದ ಹತ್ತಿರ ಸೀರೆಯನ್ನು ಎರಡು ಕೈಯಲ್ಲೂ ಹಿಡಿದಳು. ಹರಿಯುವುದು ಅವಳಿಗೆ ಗೊತ್ತಿರದ ಕೆಲಸವೇ? ಅದೇ ಮನೆಯಲ್ಲಿ ದಿನಕ್ಕೆ ಹತ್ತು ಹಳೇ ಸೀರೆಯನ್ನು ಅಂಚು ಹಿಡಿದು ಪರ್ ಅಂತ ಸೀಳಿದ ಕೈ ಅದು. ಅಂಚಿಗೆ ಹಲ್ಲು ತಗುಲಿಸಿ ಒಂದು ಸಣ್ಣ ಸೀಳು ಮಾಡಿದರೆ ಮುಂದಿನದು ತಾನೇ ಹರಿಯುತ್ತದೆ. ಬಾಯಿ ಹತ್ತಿರ ತಂದಳು.

"ಹರೀಬಹುದು," ಅಂತ ಹಿಂದಿನಿಂದ ದೊಡ್ಡಾಯಿಯ ದನಿ ಬಂತು. ಈ ಸಲ ಕೋಲು ಕುಟ್ಟಲಿಲ್ಲ, ದನಿ ಮೆತ್ತಗಿತ್ತು. "ಹರಿಯಾಕ ಯಾರೂ ಬ್ಯಾಡ ಅಂದಿಲ್ಲ. ಉಟ್ಟ ಸೀರಿ ಯಾವಾಗ ಹರೀತೀವಿ ಅಂತ ನಿನಗ ಗೊತ್ತೈತಿ."

ಗೊತ್ತಿತ್ತು. ಹೆಂಗಸು ಸತ್ತಾಗ ಅವಳ ಮೈಮೇಲಿನ ಸೀರೆ ಹರಿದು ಕೌದಿಗೆ ತರುತ್ತಿದ್ದರು. ಉಟ್ಟ ಸೀರೆ ಹರಿಯಿತೆಂದರೆ ಆಕೆ ಸತ್ತಂತೆ, ಅದನ್ನು ಪೂರ್ತಿ ಕೌದಿಗೆ ಬಿಟ್ಟು ಬರಿಮೈಯಲ್ಲಿ ಹೋದರೂ ಅದೇ ಲೆಕ್ಕ.

"ನೀ ಸತ್ತಂಗ ಆದಿ ಅಂದ್ರ ನಿನ್ನ ಜಾಗಾ ಖಾಲಿ ಆತು," ಅಂದಳು ದೊಡ್ಡಾಯಿ. "ನಿನ್ನ ಮನ್ಯಾಗ ಮುಂದಿನಾಕಿ ಯಾರು? ಹುಟ್ಟಿದ ದಿನ, ಹಸೀ ಬಾಣಂತಿ ಎದ್ದು ಬಂದು ಆಕಿಗೆ ಕೌದಿ ಹೊದಿಸಿದಾಕಿ ನೀನ. ನಕ್ಕೋತ ಹೊದಿಸಿದ್ದಿ, ನಾ ನೋಡೀನಿ. ಹರಿ. ಹೋಗಿ ಮಗಳ ಕೈ ಹಿಡಿ. ಹಡದ ಮ್ಯಾಲೆ ಆಕಿ ಎದ್ದು ಬಂದು ಇಲ್ಲಿ ಕುಂದರತಾಳ."

ಮೂಲೆಯವಳ ಹಲ್ಲಿನ ನಡುವೆ ಸೀರೆಯ ಅಂಚಿತ್ತು. ಮಗಳ ಹತ್ತಿರ ಹೋಗಬೇಕೆಂದರೆ ಮಗಳನ್ನು ಇಲ್ಲಿ ಕೂರಿಸಬೇಕು. ಮಗಳು ಇಲ್ಲಿ ಕೂರಬಾರದೆಂದರೆ ಮಗಳ ಹತ್ತಿರ ಹೋಗಬಾರದು. ಎಷ್ಟು ಚೆನ್ನಾಗಿ ಹೊಲಿದಿದ್ದರು ನೋಡಿ, ಒಂದು ಕಡೆಯೂ ಸೂಜಿ ತೂರಲು ಜಾಗವಿರಲಿಲ್ಲ. ಅವಳು ಎದುರು ಮನೆಯ ಬಾಗಿಲು ನೋಡಿದಳು. ಆಮೇಲೆ ಬಾಯಿಂದ ಅಂಚನ್ನು ಬಿಟ್ಟಳು.

ಅಲ್ಲಿಂದಲೇ ಕೂಗಿದಳು. ಆ ಊರಿನಲ್ಲಿ ಹೆಂಗಸರು ಅಷ್ಟು ದೊಡ್ಡ ದನಿಯಲ್ಲಿ ಕೂಗುವುದುಂಟೇ!

"ಮಗಳ! ನಾ ಬಾಗಲಾಗ ಅದೀನಿ! ಕೇಳಸ್ತೇನು?"

"ಒಳಗ ಬಾ ಅವ್ವಾ!"

"ಬರಾಕ ಆಗವಲ್ಲದು! ನನ್ನ ದನಿ ಹಿಡ್ಕೋ! ಕೈ ಅಂತ ತಿಳಕೊಂಡು ಹಿಡ್ಕೋ! ತಿಣುಕು ಮಗಳ!"

"ಆಗವಲ್ಲದವ್ವಾ!"

"ಆಗತೈತಿ! ನಿನ್ನ ಹಡದಾಗ ನನಗೂ ಹಿಂಗ ಅನಸಿತ್ತು! ತಿಣುಕು!"

ಹೊತ್ತು ನೆತ್ತಿಗೆ ಬರುವವರೆಗೆ ಹೀಗೇ ನಡೆಯಿತು. ಇವಳು ತಿಣುಕು ಅನ್ನುವುದು, ಅವಳು ಅವ್ವಾ ಅನ್ನುವುದು. ಗಂಟಲು ಒಡೆದು ದನಿ ಕರ್ಕಶವಾಯಿತು. ಹಿಂದೆ ಹೆಂಗಸರು ಹೊಲಿಯುತ್ತಿದ್ದರು. ಇವಳು ತಿಣುಕು ಅಂದಾಗಲೆಲ್ಲ ಚುಚ್ಚುತ್ತಿದ್ದರು, ಅವಳು ಕೂಗಿದಾಗಲೆಲ್ಲ ಎಳೆಯುತ್ತಿದ್ದರು. ಬೇಕೆಂದು ಮಾಡುತ್ತಿರಲಿಲ್ಲ ಪಾಪ, ಅವರ ಕೈಗೆ ಬೇರೇನೂ ಗೊತ್ತಿರಲಿಲ್ಲ.

ಒಮ್ಮೆಲೆ ಎದುರು ಮನೆ ಸುಮ್ಮನಾಯಿತು. ಆಮೇಲೆ ಸಣ್ಣದಾಗಿ, ಹೊಸದಾಗಿ ಒಂದು ಅಳು ಕೇಳಿತು.

ಮೂಲೆಯವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತಳು. ಕೌದಿಯ ಮೇಲಿದ್ದವರೂ ಕಣ್ಣು ಒರೆಸಿಕೊಂಡರು. ಪಕ್ಕದ ಸಾಲಿನಾಕೆ, "ಗಂಡೋ ಹೆಣ್ಣೋ?" ಅಂತ ಮೆಲ್ಲಗೆ ಕೇಳಿದಳು.

ಕೇಳುವ ಕೆಲಸವೇ ಬೀಳಲಿಲ್ಲ. ಸೂಲಗಿತ್ತಿ ಬಿಸಿಲಿಗೆ ಬಂದಳು. ಎರಡು ಕೈ ಮುಂದಕ್ಕೆ ಚಾಚಿದ್ದಳು, ಎಣ್ಣೆ ಸವರಿದ ಅಂಗೈಗಳ ಮೇಲೆ ಕೂಸು ಬರಿಮೈಯಲ್ಲಿತ್ತು. ಗಂಡಾಗಿದ್ದರೆ ಹಾಗೆ ತರುತ್ತಿರಲಿಲ್ಲ. ಒಳಗೆ ಹೆಂಗಸರು ಸೂಜಿ ಕೆಳಗಿಟ್ಟು ಕೌದಿಯ ಅಂಚು ಹಿಡಿದುಕೊಂಡು ಕಾದರು.

ಸೂಲಗಿತ್ತಿ ಇಪ್ಪತ್ತು ಹೆಜ್ಜೆ ನಡೆದು ಬಂದು ಹೊಸ್ತಿಲ ಹತ್ತಿರ ನಿಂತಳು. "ತಾಯಿ ಉಳದಾಳ," ಅಂದಳು ಮೊದಲು. "ಆರಾಮದಾಳ. ಹಿಡಿ, ನಿನ್ನ ಮೊಮ್ಮಗಳು." ಮೂಲೆಯವಳು ಕೈ ಚಾಚಿ ಕೂಸನ್ನು ತೆಗೆದುಕೊಂಡಳು.

ಚಳಿಗಾಲ. ಬಾಗಿಲಲ್ಲಿ ಗಾಳಿ. ಕೂಸು ಅಂಗೈ ಮೇಲೆ ನಡುಗಿತು. ಅಷ್ಟು ಸಣ್ಣ ಮೈ ಅಷ್ಟು ನಡುಗುತ್ತದೆ ಅಂತ ಆಕೆ ಮರೆತೇಬಿಟ್ಟಿದ್ದಳು. ನೋಡಿದವಳೇ ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದೆ ಸರಿದರೆ ಬಿಗಿದ ಸೀರೆ ಸಡಿಲವಾಗುತ್ತದೆ, ಸಡಿಲವಾದದ್ದನ್ನು ಎತ್ತಿ ಕೂಸಿಗೆ ಸುತ್ತಬಹುದು. ಇಷ್ಟನ್ನೂ ಅವಳು ಯೋಚಿಸಲಿಲ್ಲ, ಕಾಲು ಕೈ ತಾವೇ ಮಾಡಿದವು. ಸೀರೆಯ ಮಡಿಕೆ ಕೂಸಿನ ಮೇಲೆ ಬರಬೇಕು, ಅಷ್ಟರಲ್ಲಿ ಹಿಂದೆ ಹೆಂಗಸರೆಲ್ಲ ಒಟ್ಟಿಗೆ ಹಾ ಅಂತ ಉಸಿರು ಬಿಟ್ಟರು. ನೆಮ್ಮದಿಯ ಉಸಿರು. ಅದನ್ನು ಕೇಳಿ ಅವಳ ಕೈ ನಿಂತಿತು.

ತಿರುಗಿ ನೋಡಿದಳು. ಕೈಯಲ್ಲಿದ್ದ ಸೀರೆ ಹಾಗೇ ಹಿಂದಕ್ಕೆ, ನೆಲದ ಮೇಲೆ ಹರಿದುಕೊಂಡು ಮೂಲೆಗೆ ಹೋಗಿತ್ತು. ಅದು ಕೌದಿಯೇ ಅಲ್ಲವೇ? ಏಳು ಸಾಲು ಹೊಲಿಗೆ, ಅವಳದೇ ಕೈಯದು.

ಸೀರೆಯನ್ನು ಕೈಬಿಟ್ಟಳು.

"ಹೊದಿಸು," ಅಂದಳು ದೊಡ್ಡಾಯಿ.

ಮೂಲೆಯವಳು ಒಂದು ಕೈಯಲ್ಲಿ ಕುಪ್ಪಸದ ಗಂಟು ಬಿಚ್ಚಿದಳು. ಕುಪ್ಪಸವೂ ಆ ಊರಿನ ಬಟ್ಟೆಯೇ. ಅದನ್ನು ಎರಡೂ ಬದಿಗೆ ಸರಿಸಿ, ಕೂಸಿಗೆ ತಾಗದ ಹಾಗೆ ನೋಡಿಕೊಂಡು, ಬರಿ ಎದೆಗೆ ಕೂಸನ್ನು ಒತ್ತಿಕೊಂಡಳು. ಇಡೀ ಬೀದಿ ನೋಡುತ್ತಿತ್ತು, ನೋಡಲಿ.

"ಯಕ್ಕಾ, ಥಂಡಿ ಐತಿ, ಹೊದಿಸ," ಅಂದಳು ಪಕ್ಕದ ಸಾಲಿನಾಕೆ. ಅವಳ ಕಣ್ಣಲ್ಲಿ ನೀರಿತ್ತು. "ಕೂಸು ನಡಗಾಕತ್ತೇತಿ. ನಿನ್ನ ಕರುಳು ಏನಾತು?"

"ಹೊದಿಸವ್ವಾ, ಪಾಪ," ಅಂದರು ಒಳಸಾಲಿನವರು. "ಬೆಚ್ಚಗ ಮಾಡು, ಪಾಪ." ಅಷ್ಟು ಜನರಲ್ಲಿ ಒಬ್ಬಳೂ ಕೆಟ್ಟವಳಿರಲಿಲ್ಲ ನೋಡಿ. ಎಲ್ಲರಿಗೂ ಕೂಸಿನ ಚಿಂತೆಯೇ. ಗದರಿಸಿದ್ದರೆ ಅವಳು ತಿರುಗಿ ಗದರಿಸುತ್ತಿದ್ದಳು. ಬೇಡಿಕೊಂಡವರಿಗೆ ಏನು ಹೇಳುವುದು?

"ನಡಗಲಿ," ಅಂದಳು ಮೂಲೆಯವಳು. ಒಡೆದ ಗಂಟಲಿನಿಂದ ಪಿಸುಮಾತಷ್ಟೇ ಬಂತು.

ಆಮೇಲೆ ಸೂಲಗಿತ್ತಿಯನ್ನು ಕೇಳಿದಳು. "ಅಳಿಯ ಎಲ್ಲದಾನ?"

"ಗಡಿಕಲ್ಲಿನ ಆಚೆ ನಿಂತಾನ, ಮುಂಜಾನಿಂದ. ಅವನ ಅಣ್ಣತಮ್ಮರೂ ಅದಾರ. ಮೈಮ್ಯಾಲೆ ಕಂಬಳಿ ಹೊತಗೊಂಡಾರಲ್ಲ, ಈ ಊರಾಗ ಕಂಬಳಿ ಒಳಗ ಬಿಡೂದಿಲ್ಲ. ಸೂಜಿ ಇಳಿಯೂದಿಲ್ಲ ಅದಕ್ಕ."

"ಕೂಸಿನ್ನ ಹಿಂಗ ಒಯ್ಯಿ. ಬರೀ ಕೈಮ್ಯಾಲೆ ಒಯ್ಯಿ. ಗಡಿ ದಾಟೂತನಕ ಒಂದು ಎಳಿ ತಾಗಬಾರದು. ನಿನ್ನ ಸೆರಗೂ ತಾಗಬಾರದು. ದಾಟಿದ ಮ್ಯಾಲೆ ಅವನ ಕಂಬಳ್ಯಾಗ ಸುತ್ತು. ಮಗಳಿನ್ನ ಹೊರಸಿನ ಮ್ಯಾಲೆ ಮಲಗಿಸಿ ಹೊತಗೊಂಡು ಹೋಗಾಕ ಹೇಳು, ಕಂಬಳಿ ಅಲ್ಲೇ ಬಿಟ್ಟು ಬರ್ಲಿ. ಈಗ. ನಿಂದರಬ್ಯಾಡ."

ಸೂಲಗಿತ್ತಿ ದೊಡ್ಡಾಯಿಯ ಮುಖ ನೋಡಿದಳು. ಆ ಊರಿನ ಅಷ್ಟೂ ಹೆಣ್ಣುಕೂಸುಗಳನ್ನು ಈ ಬಾಗಿಲಿಗೆ ತಂದವಳು ಅವಳೇ, ಒಂದನ್ನೂ ತಿರುಗಿಸಿ ಒಯ್ದವಳಲ್ಲ. "ಗಡಿ ಇಲ್ಲೇ ಐತೇನ ಬೇ? ಈ ಗಾಳ್ಯಾಗ..." ಅಂದಳು. ಅಂದವಳು ಅಂಗೈಗಳನ್ನು ಮುಂದೆ ಚಾಚಿದಳು.

ಕೊಡುವುದು ಹೆಚ್ಚು ಕಷ್ಟವಾಯಿತು. ಎದೆಯ ಕಾವಿಗೆ ಕೂಸಿನ ನಡುಕ ಸ್ವಲ್ಪ ಇಳಿದಿತ್ತು. ಎದೆಯಿಂದ ತೆಗೆದ ಕೂಡಲೇ ಮತ್ತೆ ಕಿಟಾರನೆ ಕಿರುಚಿತು. ಇಪ್ಪತ್ತೆರಡು ವರ್ಷ ಬೆಚ್ಚಗಿನದನ್ನೇ ಹೊಲಿದ ಕೈ, ಹುಟ್ಟಿ ಗಳಿಗೆಯಾಗದ ಮೊಮ್ಮಗಳನ್ನು ಗಾಳಿಗೆ ಕೊಟ್ಟಿತು. ಸೂಲಗಿತ್ತಿ ಓಡುನಡಿಗೆಯಲ್ಲಿ ಹೊರಟಳು, ಅಗಸೆ ದಾಟುತ್ತಲೇ ಗಡಿಯ ಕಡೆ ಕೂಗಿ ಗಂಡಸರನ್ನು ಕರೆದಳು.

ಕೂಗು ಕೇಳಿ ಅಳಿಯನ ಅಣ್ಣತಮ್ಮಂದಿರು ನಾಲ್ವರು ಓಡಿಬಂದರು, ಬರಿಮೈಯಲ್ಲಿ, ನಡುಗುತ್ತ. ಹೊರಸು ಹೊತ್ತು ಎದುರು ಮನೆಯಿಂದ ಹೊರಬಿದ್ದರು. ಮಗಳು ಮಲಗಿದ್ದವಳು ತಲೆ ಎತ್ತಿ ಬಾಗಿಲಲ್ಲಿ ನಿಂತ ತಾಯಿಯನ್ನು ನೋಡಿದಳು. ಎದೆ ತೆರೆದುಕೊಂಡು, ಸೊಂಟಕ್ಕೊಂದು ಸುತ್ತು ಸೀರೆಯಲ್ಲಿ ನಿಂತಿದ್ದ ತಾಯಿ.

"ಅವ್ವಾ, ನೀನೂ ಬಾ."

"ನೀ ನಡಿ."

"ಕೂಸು ಯಾಕ ಹಂಗ ಅಳಾಕತ್ತೇತಿ?"

"ಅಳಲಿ. ನೀ ನಡಿ ಮಗಳ. ತಿರುಗಿ ನೋಡಬ್ಯಾಡ."

ಹೊರಸು ಅಗಸೆ ದಾಟಿತು. ಕೂಸಿನ ಅಳು ಅಗಸೆಯಾಚೆಯಿಂದ, ಆಮೇಲೆ ಹೊಲದ ಕಡೆಯಿಂದ ಕೇಳುತ್ತಿತ್ತು. ಕೌದಿಮನೆಯಲ್ಲಿ ಯಾರೂ ಹೊಲಿಯಲಿಲ್ಲ. ಅಷ್ಟು ಸೂಜಿ ಒಟ್ಟಿಗೆ ನಿಂತದ್ದು ಅದೇ ಮೊದಲಂತೆ. ಅಳು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಆಮೇಲೆ ನಿಂತೇಹೋಯಿತು.

ಬಹಳ ಹೊತ್ತು ಕಾದರು. ಮತ್ತೆ ಕೇಳಲಿಲ್ಲ.

"ಥಂಡಿಗೆ ಹೋತು," ಅಂದಳು ದೊಡ್ಡಾಯಿ.

"ಇಲ್ಲ. ಕಂಬಳಿ ಹೊದಿಸಿದ್ರು," ಅಂದಳು ಮೂಲೆಯವಳು.

ಯಾವುದು ನಿಜ ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಸೂಲಗಿತ್ತಿ ತಿರುಗಿ ಆ ಊರಿಗೆ ಬರಲೇ ಇಲ್ಲ. ಹೆದರಿ ಬರಲಿಲ್ಲವೋ, ಆಚೆಯೇ ಚೆನ್ನಾಗಿದೆ ಅಂತ ಉಳಿದಳೋ, ಕೇಳಿಕೊಂಡು ಬರಲು ಹೋದವರೂ ಇಲ್ಲ.

ದೊಡ್ಡಾಯಿ ಕೋಲೆತ್ತಿ ಒಳಸಾಲಿನ ಕಡೆ ತೋರಿಸಿದಳು. ಒಂದು ಜಾಗ ಬರಬೇಕಾದ್ದು ಬರಲಿಲ್ಲವಲ್ಲ, ಇನ್ನು ಮೇಲೆ ಮೂಲೆಯವಳೇ ಇಬ್ಬರ ಹೊಲಿಗೆ ಹೊಲಿಯಬೇಕು, ನಡುವಿನಲ್ಲಿ ಕೂತು. ಮೂಲೆಯವಳು ಕುಪ್ಪಸದ ಗಂಟು ಹಾಕಿಕೊಂಡಳು. ಸೀರೆಯ ಒಂದೊಂದು ಸುತ್ತು ಸುತ್ತಿಕೊಳ್ಳುತ್ತ, ಒಂದೊಂದು ಹೆಜ್ಜೆ ಹಿಂದಕ್ಕೆ ಬಂದಳು. ಮೂಲೆಯಿಂದ ನಡುವಿಗೆ ಹೋಗುವಷ್ಟು ಸೆರಗು ಸಡಿಲ ಬಿಟ್ಟುಕೊಂಡು, ಹನ್ನೊಂದು ವರ್ಷದಿಂದ ಸಿಕ್ಕಿಕೊಂಡಿದ್ದವಳ ಪಕ್ಕದಲ್ಲಿ ಕೂತಳು. ಮರುದಿನ ಬೆಳಿಗ್ಗೆ ಊರವರು ಬಂದು ಅವಳ ಕಾಲನ್ನೂ ಮುಟ್ಟುವವರಿದ್ದರು.

ಎಲ್ಲರೂ ಮತ್ತೆ ಸೂಜಿ ಎತ್ತಿಕೊಂಡ ಮೇಲೆ, ಪಕ್ಕದವಳು ಅವಳ ಕಡೆ ಬಾಗಿ, ಯಾರಿಗೂ ಕೇಳದ ಹಾಗೆ ಕೇಳಿದಳು. "ಕೂಸು ಯಾರ ಹಂಗಿತ್ತು ತಂಗಿ? ಮಗಳ ಹಂಗಿತ್ತೋ, ಅಳಿಯನ ಹಂಗೋ? ಮೂಗು ಹೆಂಗಿತ್ತು?"

ಮೂಲೆಯವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಎರಡು ಸಲ ತಪ್ಪಿತು.

"ಮುಖ ನೋಡಲಿಲ್ಲ ಯಕ್ಕಾ," ಅಂದಳು. "ನಡಗೂದನ್ನ ನೋಡಿದೆ."